ಯಾರಿಗೆ ಯಾವ ಆಧಾರ್, ಯಾವ ಬಾಗಿಲಿಗೆ ಯಾವ ಬೀಗ

ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಳೆದ ವರ್ಷ ಅರ್ಧ ಗಂಟೆ ನಿಂತಿದ್ದೆ. ಪಹಣಿ ತಿದ್ದುಪಡಿಯ ಅರ್ಜಿ; ನನ್ನ ಮುಂದೆ ಆರೇಳು ಜನ. ಬಂದವರೆಲ್ಲ ಮಾಡುತ್ತಿದ್ದದ್ದು ಒಂದೇ ಕೆಲಸ. ಗೋಡೆಗೆ ಅಂಟಿಸಿದ ನಂಬರಿಗೆ ವಾಟ್ಸಾಪಿನಲ್ಲಿ ಆಧಾರ್ ಪಿಡಿಎಫ್ ಕಳಿಸುವುದು, "ಹಾಕಿದೀನಿ ನೋಡಪ್ಪ" ಅನ್ನುವುದು. ಹುಡುಗ ಫೈಲು ಇಳಿಸಿಕೊಂಡು, ತಲೆ ಎತ್ತದೆ, "ಯಾವ ಇಸ್ವಿ ಅಕ್ಕ?" ಅಂತಷ್ಟೇ ಕೇಳುತ್ತಿದ್ದ. ಇ-ಆಧಾರಿನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಹುಟ್ಟಿದ ಇಸವಿ. ಹೆಸರು ವಾಟ್ಸಾಪಿನಲ್ಲೇ ಕಾಣುತ್ತದೆ, ಇಸವಿಯನ್ನು ಅವರೇ ಗಟ್ಟಿಯಾಗಿ ಹೇಳುತ್ತಾರೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದೇ ಇತ್ತು. ಮೌಸಿನ ಚಕ್ರ ಉರುಳಿಸಿದಷ್ಟೂ ಫೈಲುಗಳು ಮೇಲೇರುತ್ತಲೇ ಇದ್ದವು.

ಆ ಹುಡುಗ ಕಳ್ಳನಲ್ಲ. ಮಧ್ಯಾಹ್ನ ಅವನು ಊಟಕ್ಕೆ ಎದ್ದು ಹೋದಾಗ ಆ ಕಂಪ್ಯೂಟರಿನ ಮುಂದೆ ಕೂರುವವನು ಯಾರು ಅನ್ನುವುದು ಮಾತ್ರ ಅವನಿಗೂ ಗೊತ್ತಿರಲಾರದು.

ಆನ್‌ಲೈನ್ ಗುರುತು ಕಳ್ಳತನ ಅಂದ ತಕ್ಷಣ ನಮ್ಮ ಕಣ್ಣಮುಂದೆ ಬರುವುದು ಎಲ್ಲೋ ಕತ್ತಲ ಕೋಣೆಯಲ್ಲಿ ಕೂತ ಹ್ಯಾಕರ್. ನಾನು ಹತ್ತಿರದಿಂದ ಕಂಡ ಪ್ರಕರಣಗಳಲ್ಲೆಲ್ಲ ಸರಕು ಹೊರಗೆ ಹೋದದ್ದು ನಮ್ಮ ಕೈಯಿಂದಲೇ. ಕೇಳಿದವರಿಗೆಲ್ಲ ಪೂರ್ತಿ ಆಧಾರ್ ಕೊಟ್ಟೆವು, ಬಳಸದ ಬಾಗಿಲುಗಳನ್ನು ತೆರೆದೇ ಬಿಟ್ಟೆವು. ಹಾಗಾಗಿ ಕೇಳಿದವನಿಗೆ ಎಷ್ಟು ಸಾಕೋ ಅಷ್ಟೇ ಕೊಡುವ ದಾರಿ ಯಾವುದು, ದಿನಾ ಬಳಸದ ಬಾಗಿಲಿಗೆ ಹಾಕುವ ಬೀಗ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡೇ ಇಲ್ಲಿ ಹೋಲಿಸಿದ್ದೇನೆ. ಆಂಟಿವೈರಸ್ ಯಾವುದು ಒಳ್ಳೆಯದು ಅಂತ ಹುಡುಕುತ್ತಿರುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಯಾವ ಪ್ರತಿ ಕೊಡುವುದು

ಪೂರ್ತಿ ಆಧಾರಿನ ಜೆರಾಕ್ಸ್ ನಮಗೆ ಅಭ್ಯಾಸವಾಗಿಬಿಟ್ಟಿದೆ. ಬಾಡಿಗೆ ಮನೆ, ಲಾಡ್ಜು, ಮದುವೆ ಛತ್ರ, ಜಿಮ್ಮು, ಎಲ್ಲ ಕಡೆಯೂ ಅದೇ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು: ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ಬದಲಿಗೆ ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ, ಪರವಾನಗಿ ಇಲ್ಲದ ಹೋಟೆಲು, ಚಿತ್ರಮಂದಿರಗಳು ಆಧಾರ್ ಪ್ರತಿ ಪಡೆದು ಇಟ್ಟುಕೊಳ್ಳುವಂತಿಲ್ಲ ಎಂದು. ದೇಶವಿಡೀ ಗದ್ದಲವಾಯಿತು. ಎರಡೇ ದಿನದಲ್ಲಿ, ಜನ ತಪ್ಪಾಗಿ ಅರ್ಥ ಮಾಡಿಕೊಂಡಾರು ಎಂಬ ಕಾರಣ ಕೊಟ್ಟು ಪ್ರಕಟಣೆಯನ್ನು ಹಿಂದಕ್ಕೆ ಪಡೆದರು. ಪ್ರಕಟಣೆ ಹೋಯಿತು, ಅದರಲ್ಲಿದ್ದ ಬುದ್ಧಿಮಾತು ಇವತ್ತಿಗೂ ಸರಿಯಾಗಿಯೇ ಇದೆ.

ಮಾಸ್ಕ್ಡ್ ಆಧಾರ್ ತೆಗೆಯುವುದು ಕಷ್ಟವಲ್ಲ. ಮೈಆಧಾರ್ ಜಾಲತಾಣದಲ್ಲಿ ಓಟಿಪಿ ಹಾಕಿ ಒಳಹೋಗಿ, ಡೌನ್‌ಲೋಡ್ ಮಾಡುವ ಪುಟದಲ್ಲಿ ಮಾಸ್ಕ್ಡ್ ಆಧಾರ್ ಬೇಕೇ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಆಯಿತು. 12 ಅಂಕಿಗಳಲ್ಲಿ ಮೊದಲ 8 ಮುಚ್ಚಿರುತ್ತವೆ, ಕೊನೆಯ 4 ಮಾತ್ರ ಕಾಣುತ್ತವೆ. ನೀವು ನೀವೇ ಎಂದು ತೋರಿಸಬೇಕಾದ ಬಹುತೇಕ ಕಡೆ ಇದು ಧಾರಾಳ ಸಾಕು. ಇದರ ಮಿತಿಯನ್ನೂ ಹೇಳಬೇಕು: ಹೆಸರು, ಫೋಟೊ, ಹುಟ್ಟಿದ ದಿನ, ವಿಳಾಸ ಎಲ್ಲ ಇದರಲ್ಲೂ ಹಾಗೇ ಇರುತ್ತವೆ. ಸರ್ಕಾರದ ಸಬ್ಸಿಡಿ, ಪಿಂಚಣಿಯಂಥವಕ್ಕೆ ಪೂರ್ತಿ ಅಂಕಿಯೇ ಬೇಕು, ಅಲ್ಲಿ ಇದನ್ನು ಹಿಡಿದುಕೊಂಡು ವಾದಕ್ಕೆ ನಿಲ್ಲಬೇಡಿ.

ಕೆಲವರು ಮಾಸ್ಕ್ಡ್ ಪ್ರತಿಯ ತಂಟೆಗೇ ಹೋಗದೆ ಹಳೆಯ ಕಾರ್ಡಿನ ಫೋಟೊ ತೆಗೆದು, ಫೋನಿನ ಪೆನ್ನಿನಿಂದ ಅಂಕಿಗಳ ಮೇಲೆ ಗೀಚಿ ಕಳಿಸುತ್ತಾರೆ. ಇದರಲ್ಲಿ ಎರಡು ತೊಂದರೆ. ಹೈಲೈಟರ್ ಬಣ್ಣದಲ್ಲಿ ಗೀಚಿದ್ದರೆ, ಚಿತ್ರದ ಬೆಳಕು ಹೆಚ್ಚಿಸಿದ ಕೂಡಲೇ ಅಂಕಿಗಳು ಇಣುಕುತ್ತವೆ. ಎರಡನೆಯದು ಕ್ಯೂಆರ್ ಕೋಡ್. ಶುರುವಿನ ವರ್ಷಗಳಲ್ಲಿ ಬಂದ ಕಾರ್ಡುಗಳ ಕ್ಯೂಆರ್‌ನಲ್ಲಿ ಪೂರ್ತಿ 12 ಅಂಕಿ ಸಾದಾ ಅಕ್ಷರದಲ್ಲೇ ಇದೆ. ಯಾವ ಸಾಮಾನ್ಯ ಸ್ಕ್ಯಾನರ್ ಆ್ಯಪ್ ಹಿಡಿದರೂ ಓದುತ್ತದೆ. ಮುಂಬಾಗಿಲಿಗೆ ಪರದೆ ಬಿಟ್ಟು ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಈಗಿನ ಕ್ಯೂಆರ್‌ಗಳಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಇರುತ್ತವೆ. ನಿಮ್ಮ ಕಾರ್ಡು ಹಳೆಯದಾದರೆ ಹೊಸದಾಗಿ ಇ-ಆಧಾರ್ ಇಳಿಸಿಕೊಂಡು ಅದನ್ನೇ ಬಳಸಿ.

2018ರಲ್ಲಿ ಬಂದ ವರ್ಚುವಲ್ ಐಡಿ, ಅಂದರೆ ವಿಐಡಿ, 16 ಅಂಕಿಯದು. ಅದರಿಂದ ಆಧಾರ್ ಸಂಖ್ಯೆಯನ್ನು ಹಿಂದಕ್ಕೆ ಲೆಕ್ಕ ಹಾಕಲು ಬರುವುದಿಲ್ಲ, ಬೇಕೆಂದಾಗ ಹೊಸದನ್ನು ಪಡೆದರೆ ಹಳೆಯದು ಸತ್ತುಹೋಗುತ್ತದೆ. ಕಾಗದದ ಮೇಲೆ ಇದರಷ್ಟು ಚಂದದ ವ್ಯವಸ್ಥೆ ಇನ್ನೊಂದಿಲ್ಲ. ಲಾಡ್ಜಿನ ಕೌಂಟರಿನಲ್ಲಿ ವಿಐಡಿ ಹೇಳಿ ನೋಡಿ, ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಆನ್‌ಲೈನಿನಲ್ಲಿ ಇ-ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಮಾಡುವಾಗ "ಆಧಾರ್ ಅಥವಾ ವಿಐಡಿ" ಎಂದು ಕೇಳುವ ಜಾಗದಲ್ಲಿ ಮಾತ್ರ ಇದಕ್ಕೆ ಬೆಲೆ. ಅಂಥ ಕಡೆ ನಾನು ಬೇರೆಯದನ್ನು ಹಾಕುವುದೇ ಇಲ್ಲ. ಆಧಾರಿಗೆ ಜೋಡಿಸಿದ ಮೊಬೈಲಿನಿಂದ ಇಂಗ್ಲಿಷಿನಲ್ಲಿ ಜಿವಿಐಡಿ ಎಂದು ಬರೆದು, ಒಂದು ಜಾಗ ಬಿಟ್ಟು ಆಧಾರಿನ ಕೊನೆಯ ನಾಲ್ಕು ಅಂಕಿ ಸೇರಿಸಿ 1947ಕ್ಕೆ ಎಸ್ಎಂಎಸ್ ಮಾಡಿದರೆ ಬರುತ್ತದೆ.

ದಾಖಲೆಗಳನ್ನು ಇಟ್ಟುಕೊಳ್ಳುವ ಸರ್ಕಾರದ ಆ್ಯಪ್ ಡಿಜಿಲಾಕರ್ ಬಗ್ಗೆ ಒಂದೇ ಮಾತು: ಕಾಲೇಜು, ನೌಕರಿ, ಪಾಸ್‌ಪೋರ್ಟಿನಂಥ ಕೆಲಸಗಳಿಗೆ, ಅಂದರೆ ಕೇಳುವವರ ಕಡೆಯೂ ಕಂಪ್ಯೂಟರ್ ಇದ್ದು ಅವರೇ ಎಳೆದುಕೊಳ್ಳುವ ವ್ಯವಸ್ಥೆ ಇದ್ದಾಗ, ಇದೇ ಉತ್ತಮ. ಅದರಿಂದ ಪಿಡಿಎಫ್ ಇಳಿಸಿ ವಾಟ್ಸಾಪ್ ಮಾಡಿದಿರೋ, ಮತ್ತೆ ಜೆರಾಕ್ಸ್ ಅಂಗಡಿಗೇ ಬಂದಿರಿ.

ಇನ್ನು ಲಾಡ್ಜಿಗೆ ಏನು ಕೊಡಬೇಕು? ಡ್ರೈವಿಂಗ್ ಲೈಸೆನ್ಸ್, ಇಲ್ಲವೇ ಮತದಾರರ ಚೀಟಿ. ಆಧಾರಿನ ಹಾಗೆ ಅವುಗಳ ನಂಬರು ಹೇಳಿ, ಹೆಬ್ಬೆಟ್ಟು ಒತ್ತಿ ಬ್ಯಾಂಕಿನಿಂದ ದುಡ್ಡು ತೆಗೆಯುವ ದಾರಿ ಇಲ್ಲ; ಅದರ ಕಥೆ ಮುಂದಿದೆ. ಪ್ಯಾನ್ ಕಾರ್ಡನ್ನು ಮಾತ್ರ ಗುರುತಿನ ಚೀಟಿಯ ಹಾಗೆ ಯಾವ ಕೌಂಟರಿನಲ್ಲೂ ಇಡಬೇಡಿ. ಸಾಲದ ಲೋಕದಲ್ಲಿ ನೀವು ಯಾರು ಅನ್ನುವುದನ್ನು ಹೇಳುವುದೇ ಆ ಹತ್ತು ಅಕ್ಷರ. ಜೆರಾಕ್ಸ್ ಕೊಡಲೇಬೇಕಾಗಿ ಬಂದರೆ, ಅದರ ಮೇಲೆ ಅಡ್ಡಡ್ಡವಾಗಿ "ಬಾಡಿಗೆ ಕರಾರಿಗೆ ಮಾತ್ರ" ಎಂದು ತಾರೀಕಿನ ಸಮೇತ ಬರೆದು ಸಹಿ ಹಾಕಿ. ಇದು ಕಬ್ಬಿಣದ ಬಾಗಿಲೇನಲ್ಲ, ಆದರೆ ಬರೆದದ್ದನ್ನು ಅಳಿಸಿ ಬಳಸುವ ಕಷ್ಟ ಯಾರಿಗೆ ಬೇಕು? ಪಕ್ಕದಲ್ಲಿ ಏನೂ ಬರೆಯದ ನೂರು ಪ್ರತಿ ಬಿದ್ದಿರುತ್ತವಲ್ಲ.

ಹೆಬ್ಬೆಟ್ಟಿನ ಬೀಗ, ಸಂಖ್ಯೆಯ ಬೀಗ

ನಮ್ಮ ಚಿಕ್ಕಮ್ಮನ ಉಳಿತಾಯ ಖಾತೆಯಿಂದ ಎರಡು ಸಲ ಹತ್ತತ್ತು ಸಾವಿರ ಹೋಗಿತ್ತು. "ನಾನು ಯಾರಿಗೂ ಓಟಿಪಿ ಹೇಳಿಲ್ಲ ಕಣೋ" ಅಂತ ಅವಳು ದೇವರ ಮೇಲೆ ಆಣೆ ಇಟ್ಟಳು. ನಿಜವೇ ಹೇಳಿದ್ದಳು. ಪಾಸ್‌ಬುಕ್ಕಿನ ಸಾಲಿನಲ್ಲಿ ಎಇಪಿಎಸ್ ಎಂದಿತ್ತು. ಅಂದರೆ ಆಧಾರ್ ಆಧಾರಿತ ಪಾವತಿ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು, ಈ ಮೂರೇ ಸಾಕು. ಓಟಿಪಿಯೂ ಬೇಡ, ಎಟಿಎಂ ಕಾರ್ಡೂ ಬೇಡ, ಪಿನ್ನೂ ಬೇಡ. ಒಂದು ಸಲಕ್ಕೆ 10,000 ರೂಪಾಯಿ ಮಿತಿ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರು ಮನೆ ಬಾಗಿಲಿಗೆ ಬಂದು ಪಿಂಚಣಿ ಕೊಡುವುದು ಇದರಿಂದಲೇ ಸಾಧ್ಯವಾದದ್ದು. ಆ ಅನುಕೂಲವೇ ಇಲ್ಲಿ ಕಳ್ಳನಿಗೂ ಒದಗಿತು.

ಆಧಾರ್ ಸಂಖ್ಯೆಯೇನೋ ಜೆರಾಕ್ಸಿನಿಂದ ಸಿಗುತ್ತದೆ, ಬೆರಳಚ್ಚು ಎಲ್ಲಿಂದ? 2023ರಲ್ಲಿ ಬೆಂಗಳೂರು ಪೊಲೀಸರು ಹಿಡಿದ ಜಾಲ ಇದಕ್ಕೆ ಉತ್ತರ ಕೊಟ್ಟಿತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಆಸ್ತಿ ಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸುತ್ತಿದ್ದರು. ಸೈಟು ಕೊಂಡವರು, ಮಾರಿದವರು, ಅಣ್ಣತಮ್ಮಂದಿರ ಪಾಲುಪಟ್ಟಿಗೆ ಒತ್ತಿದವರು, ಎಲ್ಲರ ಹೆಬ್ಬೆಟ್ಟೂ ಅಲ್ಲಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಆಧಾರ್ ಪ್ರಾಧಿಕಾರ, ಯಂತ್ರದ ಮೇಲಿರುವುದು ಜೀವಂತ ಬೆರಳೇ ಎಂದು ಪರೀಕ್ಷಿಸುವ ಹೊಸ ವ್ಯವಸ್ಥೆ ತಂದಿತ್ತು. ಕಳ್ಳರ ದಾರಿ ಕಷ್ಟವಾಗಿರಬಹುದು. ಆದರೆ ಪಾಸ್‌ವರ್ಡಿನ ಹಾಗೆ ಬೆರಳನ್ನು ಬದಲಾಯಿಸಲು ಆಗುವುದಿಲ್ಲವಲ್ಲ, ನಮ್ಮ ಕಡೆಯ ಬೀಗವನ್ನು ನಾವೇ ಹಾಕಬೇಕು.

ಬೀಗ ಎರಡು ಬಗೆ. ಮೊದಲನೆಯದು ಬಯೋಮೆಟ್ರಿಕ್ ಲಾಕ್. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಅಥವಾ ಮೈಆಧಾರ್ ಜಾಲತಾಣದಲ್ಲಿ ಹಾಕಬಹುದು. ಹಾಕಿದ ಮೇಲೆ ಬೆರಳು, ಕಣ್ಣು, ಮುಖ ಮೂರೂ ನಡೆಯುವುದಿಲ್ಲ. ಓಟಿಪಿ ಮಾತ್ರ ಎಂದಿನಂತೆ ಬರುತ್ತದೆ. ಬೇಕಾದಾಗ ಹತ್ತು ನಿಮಿಷಕ್ಕೆ ತೆರೆಯಬಹುದು, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಎರಡನೆಯದು ಆಧಾರ್ ಸಂಖ್ಯೆಯನ್ನೇ ಲಾಕ್ ಮಾಡುವುದು. ಇದಕ್ಕೆ ಮೊದಲು ವಿಐಡಿ ಇರಬೇಕು. ಇದು ಬಿದ್ದ ಮೇಲೆ ಆ 12 ಅಂಕಿ ಹೇಳಿ ಬೆರಳು ಒತ್ತಿದರೂ, ಓಟಿಪಿ ಕೇಳಿದರೂ ಆಗುವುದಿಲ್ಲ. ವಿಐಡಿ ಹೇಳಿದರೆ ಮಾತ್ರ ನಡೆಯುತ್ತದೆ. ತೆರೆಯುವುದಕ್ಕೂ ವಿಐಡಿಯೇ ಬೇಕು. ಮರೆತರೆ ಆರ್‌ವಿಐಡಿ ಎಂದು ಬರೆದು, ಮೊದಲಿನ ಹಾಗೆ ಆಧಾರಿನ ಕೊನೆಯ ನಾಲ್ಕು ಅಂಕಿ ಸೇರಿಸಿ 1947ಕ್ಕೆ ಎಸ್ಎಂಎಸ್ ಕಳಿಸಿ ಮತ್ತೆ ತರಿಸಿಕೊಳ್ಳಬಹುದು.

ಬಲದಲ್ಲಿ ಎರಡನೆಯದೇ ಮೇಲು. ಆದರೂ ನಾನು ಅದನ್ನು ಎಲ್ಲರಿಗೂ ಹೇಳುವುದಿಲ್ಲ. ನಿಮ್ಮ ಸಂಖ್ಯೆಯನ್ನು ಮೊದಲೇ ಕೂಡಿಸಿಟ್ಟುಕೊಂಡು ಅದರ ಮೇಲೆ ನಡೆಯುವ ಸೇವೆಗಳೆಲ್ಲ ತಡವರಿಸುತ್ತವೆ. ಕೌಂಟರಿನಲ್ಲಿ ಕೂತವರಿಗೆ ಯಾಕೆಂದು ಗೊತ್ತಿರುವುದಿಲ್ಲ, "ಸರ್ವರ್ ಡೌನ್, ನಾಳೆ ಬನ್ನಿ" ಅಂದುಬಿಡುತ್ತಾರೆ. ವಿದೇಶದಲ್ಲಿದ್ದು ವರ್ಷಗಟ್ಟಲೆ ಆಧಾರ್ ಮುಟ್ಟದವರಿಗೆ, ಅಥವಾ ವಿಐಡಿ ಎಂದರೇನೆಂದು ತಿಳಿದು ನಿಭಾಯಿಸುವವರಿಗೆ ಸಂಖ್ಯೆಯ ಬೀಗ ಸರಿ. ಮಿಕ್ಕವರಿಗೆ ಬಯೋಮೆಟ್ರಿಕ್ ಬೀಗ.

ಅದಕ್ಕೂ ಒಂದು ತಕರಾರಿದೆ: ನ್ಯಾಯಬೆಲೆ ಅಂಗಡಿ. ತಿಂಗಳಿಗೊಮ್ಮೆ ಹೆಬ್ಬೆಟ್ಟು ಒತ್ತದೆ ಅಕ್ಕಿ ಬರುವುದಿಲ್ಲ. ಚಿಕ್ಕಮ್ಮನಿಗೆ ಬೀಗ ಹಾಕಿಕೊಟ್ಟ ಮೊದಲ ತಿಂಗಳು ಯಂತ್ರ 330 ಎಂಬ ದೋಷ ತೋರಿಸಿತು. ಅದು ಬೀಗ ಬಿದ್ದಿದೆ ಅನ್ನುವುದರ ಸಂಖ್ಯೆ. ಅಂಗಡಿಯವರು ಬೆರಳು ಸವೆದಿದೆ ಎಂದುಕೊಂಡು ಅವಳಿಂದ ಹತ್ತೂ ಬೆರಳು ಒತ್ತಿಸಿದರು. ಈಗ ಅವಳು ಸಾಲಿನಲ್ಲಿ ಮೂರನೆಯವಳಾದಾಗ ಆ್ಯಪ್ ತೆರೆದು ಪಿನ್ ಹಾಕಿ ಬೀಗ ತೆಗೆಯುತ್ತಾಳೆ. ಮುಂದಿನವರದ್ದು ತಡವಾದರೆ ಹತ್ತು ನಿಮಿಷ ಮುಗಿದು ಮತ್ತೆ ತೆಗೆಯಬೇಕು, ಆಗ ನನಗೆ ಬೈಗುಳ. ಸ್ಮಾರ್ಟ್‌ಫೋನ್ ಇಲ್ಲದ, ಪಿಂಚಣಿಯನ್ನೂ ಹೆಬ್ಬೆಟ್ಟಿನಲ್ಲೇ ಪಡೆಯುವ ಹಿರಿಯರಿಗೆ ಈ ಬೀಗ ಹಾಕಿಕೊಟ್ಟು ನೀವು ಬೆಂಗಳೂರಿಗೆ ಬಸ್ಸು ಹತ್ತಿಬಿಡಬೇಡಿ. ಅಂಥವರ ವಿಷಯದಲ್ಲಿ, ಎಇಪಿಎಸ್ ಬಳಸದ ಖಾತೆಗಳಲ್ಲಿ ಅದನ್ನು ನಿಲ್ಲಿಸಲು ಆಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ, ಪಿಂಚಣಿ ಬರುವ ಖಾತೆಯಲ್ಲಿ ಕಡಿಮೆ ದುಡ್ಡು ಇಟ್ಟು ಮಿಕ್ಕದ್ದನ್ನು ಎಫ್‌ಡಿ ಮಾಡಿಸುವುದು ಮೇಲು.

ಮೈಆಧಾರಿನಲ್ಲಿ ದೃಢೀಕರಣದ ಇತಿಹಾಸ ಎಂಬ ಪುಟವಿದೆ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರನ್ನು ಯಾರು, ಯಾವಾಗ, ಬೆರಳಿನಿಂದಲೋ ಓಟಿಪಿಯಿಂದಲೋ ಪರಿಶೀಲಿಸಿದರು ಎಂದು 50 ದಾಖಲೆಗಳವರೆಗೆ ತೋರಿಸುತ್ತದೆ. ಬೀಗ ಬೇಕೋ ಬೇಡವೋ ಎಂಬ ಅನುಮಾನವಿದ್ದರೆ ಮೊದಲು ಇದನ್ನು ನೋಡಿ.

ಓಟಿಪಿ ಎಲ್ಲಿಗೆ ಬರಬೇಕು

ಎಸ್ಎಂಎಸ್ ಓಟಿಪಿ ಇರುವುದು ಸಿಮ್ಮಿನ ಮೇಲೆ. ಯಾರಾದರೂ ನಿಮ್ಮ ಹೆಸರಿನ ದಾಖಲೆ ತೋರಿಸಿ ಹೊಸ ಸಿಮ್ ತೆಗೆದರೆ ಓಟಿಪಿ ಅವರ ಜೇಬಿಗೆ. ಇದಕ್ಕೆಂದೇ ದೂರಸಂಪರ್ಕ ಇಲಾಖೆ 2022ರ ನವೆಂಬರಿನಲ್ಲಿ, ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರಿನಲ್ಲಿ ಎಸ್ಎಂಎಸ್ ಹೋಗಬಾರದು, ಬರಬಾರದು ಎಂಬ ನಿಯಮ ತಂದಿತು. ಇದ್ದಕ್ಕಿದ್ದಂತೆ ನಿಮ್ಮ ಫೋನಿನ ಸಿಗ್ನಲ್ ಸತ್ತು, ಪಕ್ಕದವರದ್ದು ಚೆನ್ನಾಗಿದ್ದರೆ, ನಿಮಗಿರುವ ಸಮಯ ಆ 24 ಗಂಟೆ. ಟವರ್ ಹೋಗಿರಬೇಕು ಅಂತ ಮಲಗಬೇಡಿ.

ಬ್ಯಾಂಕಿನ ವಿಷಯದಲ್ಲಿ ನಮಗೆ ಹೆಚ್ಚು ಆಯ್ಕೆ ಇಲ್ಲ, ಅವರು ಕಳಿಸಿದಲ್ಲಿಗೇ ಬರುತ್ತದೆ. ಆಯ್ಕೆ ಇರುವುದು ಇಮೇಲಿನಲ್ಲಿ. ಬ್ಯಾಂಕು, ಶೇರು, ತೆರಿಗೆ, ಎಲ್ಲದರ ಪಾಸ್‌ವರ್ಡ್ ಮರೆತಾಗ ಕೊಂಡಿ ಬರುವುದು ಅಲ್ಲಿಗೇ ಆದ್ದರಿಂದ ಮೊದಲು ಭದ್ರ ಮಾಡಬೇಕಾದದ್ದೂ ಅದನ್ನೇ. ಓಟಿಪಿಯಂಥ ಅಂಕಿಯನ್ನು ಫೋನಿನಲ್ಲೇ ಹುಟ್ಟಿಸುವ ಆಥೆಂಟಿಕೇಟರ್ ಆ್ಯಪ್ ಸಿಮ್ಮಿಗೆ ಅಂಟಿಕೊಂಡಿಲ್ಲ, ನೆಟ್‌ವರ್ಕ್ ಇಲ್ಲದ ಊರಲ್ಲೂ ಅಂಕಿ ಕೊಡುತ್ತದೆ. ಆದರೆ ನಕಲಿ ಜಾಲತಾಣದಲ್ಲಿ ನೀವೇ ಆ ಅಂಕಿ ಟೈಪ್ ಮಾಡಿದರೆ ಅದು ತಡೆಯಲಾರದು. ಪಾಸ್‌ವರ್ಡಿನ ಬದಲು ಫೋನಿನ ಬೆರಳು ಅಥವಾ ಪಿನ್ನಿನಿಂದಲೇ ಒಳಬಿಡುವ ಪಾಸ್‌ಕೀ ತಡೆಯುತ್ತದೆ. ಅದು ಅಸಲಿ ಜಾಲತಾಣದ ವಿಳಾಸಕ್ಕೇ ಕಟ್ಟಿಕೊಂಡಿರುವುದರಿಂದ ನಕಲಿ ಪುಟದಲ್ಲಿ ಬಾಯಿಯೇ ಬಿಡುವುದಿಲ್ಲ. ನನ್ನ ಮಟ್ಟಿಗೆ ಜಿಮೇಲಿಗೆ ಪಾಸ್‌ಕೀ, ಜೊತೆಗೆ ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ. ಫೋನು ಕಳೆದುಹೋದ ದಿನ ಆ ಕಾಗದ ಬಂಗಾರ.

ಪಾಸ್‌ವರ್ಡ್ ಮ್ಯಾನೇಜರೋ, ಬ್ರೌಸರೋ, ನೋಟ್‌ಬುಕ್ಕೋ ಎಂಬ ಜಗಳದಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಹತ್ತು ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಮೂರೂ ಮೇಲು. ಎಪ್ಪತ್ತು ದಾಟಿದ ಅಪ್ಪನಿಗೆ ಹಳೆಯ ಡೈರಿಯೇ ಸರಿ, ಮನೆಯೊಳಗೆ ಬಂದು ಡೈರಿ ಕದಿಯುವ ಕಳ್ಳ ಇಂಟರ್‌ನೆಟ್ಟಿನ ಕಳ್ಳನಷ್ಟು ಸಾಮಾನ್ಯನಲ್ಲ. ಆದರೆ ಅದರ ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಬಾರದು. ನಮ್ಮ ಮನೆಯಲ್ಲಿ ಹಾಕಿದ್ದರು.

ಕಾವಲು: ಬಿಟ್ಟಿಯದೋ, ದುಡ್ಡು ಕೊಟ್ಟದ್ದೋ

ನಿಮ್ಮ ಪ್ಯಾನ್ ಮೇಲೆ ಬೇರೆಯವರು ಸಾಲ ತೆಗೆದಿದ್ದರೆ ಅದು ಮೊದಲು ಕಾಣುವುದು ಕ್ರೆಡಿಟ್ ವರದಿಯಲ್ಲಿ, ಅಂದರೆ ನಿಮ್ಮ ಸಾಲಗಳ ಜಾತಕದಲ್ಲಿ. ಸಿಬಿಲ್ ಎಂಬ ಹೆಸರೇ ನಮ್ಮ ಬಾಯಲ್ಲಿದ್ದರೂ ಅಂಥ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಬಿಟ್ಟಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯದೆ, ಮೂರು ತಿಂಗಳಿಗೊಂದರಂತೆ ಸರದಿಯಲ್ಲಿ ತೆಗೆದರೆ ವರ್ಷವಿಡೀ ಕಾವಲು ಇದ್ದ ಹಾಗೆ. ನಿಮ್ಮ ವರದಿಯನ್ನು ಬ್ಯಾಂಕಿನಂಥವರು ನೋಡಿದಾಗ ಎಸ್ಎಂಎಸ್ ಅಥವಾ ಇಮೇಲ್ ಬರಬೇಕೆಂದು 2023ರ ಅಕ್ಟೋಬರಿನಲ್ಲಿ ಹೇಳಿದ್ದಾರೆ. ತಪ್ಪಿದೆ ಎಂದು ದೂರು ಕೊಟ್ಟು 30 ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇಷ್ಟೆಲ್ಲ ಬಿಟ್ಟಿ ಇರುವಾಗ, ವರದಿಯ ಮೇಲೆ ಕಣ್ಣಿಡುವ ಸೇವೆಗೆ ತಿಂಗಳ ಚಂದಾ ಕಟ್ಟುವುದು ಯಾರಿಗೆ ಬೇಕು? ಈಗಾಗಲೇ ಒಮ್ಮೆ ಮೋಸ ಹೋದವರಿಗೆ, ಒಂದು ವರ್ಷದ ಮಟ್ಟಿಗೆ. ಉಳಿದವರು ಆ ದುಡ್ಡಿನಲ್ಲಿ ದೋಸೆ ತಿನ್ನಿ.

ಅಮೆರಿಕದಲ್ಲಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿದೆ. ಅಲ್ಲಿ 2018ರ ಸೆಪ್ಟೆಂಬರ್ 21ರಿಂದ ಕ್ರೆಡಿಟ್ ಫ್ರೀಜ್ ಉಚಿತ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಬೇರೆಬೇರೆಯಾಗಿ ಹಾಕಬೇಕು. ಹಾಕಿದ ಮೇಲೆ ಹೊಸ ಸಾಲ ಕೊಡಲು ಯಾರೂ ವರದಿ ನೋಡಲಾಗದು. ಇನ್ನೊಂದು ಆಯ್ಕೆಯಾದ ಫ್ರಾಡ್ ಅಲರ್ಟ್ ಬರೀ ಎಚ್ಚರಿಕೆಯ ಚೀಟಿ, ಒಂದು ವರ್ಷಕ್ಕೆ ಮುಗಿಯುತ್ತದೆ. ಮನೆಸಾಲ ಹುಡುಕುತ್ತಿಲ್ಲವಾದರೆ ಫ್ರೀಜೇ ಇರಲಿ.

ಸಿಮ್ಮಿನ ಕಾವಲಿಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣ ಸಾಕು. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ತೋರಿಸುತ್ತದೆ, ನನ್ನದಲ್ಲ ಎಂದು ಅಲ್ಲೇ ಒತ್ತಬಹುದು. ನಮ್ಮ ರಾಜ್ಯದಲ್ಲಿ ಒಬ್ಬರಿಗೆ 9 ಸಿಮ್‌ಗಳ ಮಿತಿ ಇದೆ. ಆ ಮಿತಿಯೊಳಗೆ ಬೇರೆಯವರ ಎರಡು ಸಿಮ್ ಸೇರಿಕೊಂಡರೂ ನಮಗೆ ತಿಳಿಯುವುದಿಲ್ಲ. ಆದಾಯ ತೆರಿಗೆಯ ಜಾಲತಾಣದಲ್ಲಿ ಎಐಎಸ್, ಅಂದರೆ ವರ್ಷದ ಆದಾಯ-ವ್ಯವಹಾರಗಳ ಪಟ್ಟಿ, ತೆರೆದು ನೋಡುವುದನ್ನೂ ರಿಟರ್ನ್ಸ್ ಸಲ್ಲಿಸುವ ಜುಲೈ ತಿಂಗಳಿಗಷ್ಟೇ ಬಿಡಬೇಡಿ. ನಿಮ್ಮ ಪ್ಯಾನ್ ಮೇಲೆ ಯಾರೋ ತೋರಿಸಿದ ಸಂಬಳ, ವ್ಯವಹಾರ ಅಲ್ಲಿ ಕಾಣುತ್ತದೆ.

ಆಗಿಹೋದ ಮೇಲೆ

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು, ಬ್ಯಾಂಕಿಗೆ ಲಿಖಿತ ಅರ್ಜಿ, ಜಿಲ್ಲೆಯ ಸಿಇಎನ್, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆ. ಈ ನಾಲ್ಕರಲ್ಲಿ ಯಾವುದು ಮೊದಲು ಎಂದು ಕೇಳಿದರೆ, 1930. ದುಡ್ಡು ಇನ್ನೊಂದು ಖಾತೆಯಲ್ಲಿ ನಿಂತಿರುವಾಗಲೇ ತಡೆಹಿಡಿಸುವ ಸಾಧ್ಯತೆ ಇರುವುದು ಅಲ್ಲೇ. ವ್ಯವಹಾರದ ಸಂಖ್ಯೆ, ತಾರೀಕು, ಮೊತ್ತ ಕೈಯಲ್ಲಿಟ್ಟುಕೊಂಡು ಮಾಡಿ. ಠಾಣೆಯ ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮನ್ನು ಹೆಸರಿಸಿ. ಗುರುತು ಕಳ್ಳತನಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಎಂದಿದೆ.

ಬ್ಯಾಂಕಿನ ಅರ್ಜಿಯಲ್ಲಿ, ಇಂಥ ನಷ್ಟ ಯಾರ ಹೊಣೆ ಎಂಬ ರಿಸರ್ವ್ ಬ್ಯಾಂಕಿನ ನಿಯಮವನ್ನು ಉಲ್ಲೇಖಿಸಿ; ಅದು ಮೊದಲು ಬಂದದ್ದು 2017ರ ಜುಲೈ 6ರ ಸುತ್ತೋಲೆಯಲ್ಲಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂಥ ಪ್ರಕರಣದಲ್ಲಿ, ಬ್ಯಾಂಕಿನಿಂದ ಮಾಹಿತಿ ಬಂದು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದಿತ್ತು ಆ ಸುತ್ತೋಲೆ. 4ರಿಂದ 7 ದಿನವಾದರೆ ಸ್ವಲ್ಪ ಭಾಗ ನಿಮ್ಮ ತಲೆಗೆ. ಅದೂ ದಾಟಿದರೆ ಆ ಬ್ಯಾಂಕಿನ ಆಡಳಿತ ಮಂಡಳಿ ಏನು ತೀರ್ಮಾನಿಸಿದೆಯೋ ಹಾಗೆ.

ಚಿಕ್ಕಮ್ಮನ ಎರಡನೆಯ ಹತ್ತು ಸಾವಿರ ವಾಪಸ್ ಬಂತು. ಅದು ಹೋದ ಎರಡನೇ ದಿನವೇ ಅವಳು ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಹೋಗಿದ್ದಳು. ಮೊದಲನೆಯದು ಅದಕ್ಕೂ ಐದು ವಾರ ಮುಂಚೆ ಹೋದದ್ದು, ಬರಲಿಲ್ಲ. ಆಗಲೂ ಬ್ಯಾಂಕಿನಿಂದ ಎಸ್ಎಂಎಸ್ ಹೋಗಿತ್ತಂತೆ, ಮೂರು ವರ್ಷದ ಹಿಂದೆ ರೀಚಾರ್ಜ್ ಮಾಡಿಸದೆ ಬಿಟ್ಟ ಅವಳ ಹಳೇ ನಂಬರಿಗೆ.